ಉಡಿ ತುಂಬಲು ಬಂದವರು

ರೋಗಿಗೆ ಧೈರ್ಯ ಹೇಳಲು ಬರುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಎಲ್ಲರನ್ನೂ ಅಂತ ಅಲ್ಲ. ಬಾಗಿಲಲ್ಲೇ ಮುಖ ಸಣ್ಣದು ಮಾಡಿಕೊಂಡು, ಸೆರಗಿನ ತುದಿಯನ್ನು ಮೂಗಿಗೆ ಹಿಡಿದು ಒಳಗೆ ಬರುತ್ತಾರಲ್ಲ, ಅಂಥವರನ್ನು.

ನಮ್ಮ ಸೀಮೆ ಇನ್ನೂ ಮುಂಬಯಿ ಸರ್ಕಾರದ ಕೈಯಲ್ಲಿದ್ದ ಕಾಲ. ಅಕ್ಕನನ್ನು ಕೊಣ್ಣೂರಿಗೆ ಕೊಟ್ಟಿದ್ದೆವು. ಮಾವ, ಅಂದರೆ ಅವಳ ಗಂಡ, ಗೋಕಾಕ ಫಾಲ್ಸ್‌ನ ಗಿರಣಿಗೆ ಸೈಕಲ್ ಮೇಲೆ ಹೋಗಿಬರುತ್ತಿದ್ದ. ಅಕ್ಕನ ಹೊಟ್ಟೆಯಲ್ಲಿ ಗಡ್ಡೆ ಬೆಳೆಯಿತು. ಮಿರಜಿಗೆ ಕರೆದೊಯ್ದು ತೋರಿಸಿದರೆ ಡಾಕ್ಟರು ಮಾವನನ್ನು ಬದಿಗೆ ಕರೆದು, ಮನೆಗೆ ಕರೆದುಕೊಂಡು ಹೋಗಿ ಬೇಕಾದ್ದು ತಿನ್ನಿಸಿ ಎಂದರಂತೆ. ಅದು ಮನೆಯವರಿಗೆಲ್ಲ ಗೊತ್ತಿತ್ತು, ಓಣಿಗೆ ಗೊತ್ತಿತ್ತು, ಹಾಲು ಹಾಕುವವಳಿಗೂ ಗೊತ್ತಿತ್ತು. ಅಕ್ಕನಿಗೆ ಮಾತ್ರ ಹೇಳಕೂಡದೆಂದು ಅವಳ ಗಂಡನ ಮನೆಯ ಹಿರಿಯರ ಅಪ್ಪಣೆ. "ನನಗ ಏನಾಗೇತಿ?" ಎಂದು ಅವಳು ಕೇಳಿದಾಗಲೆಲ್ಲ, "ಏನಿಲ್ಲ ತಗೀ, ಉಷ್ಣ ಆಗೇತಿ" ಎನ್ನುತ್ತಿದ್ದರು. ಉಷ್ಣವಂತೆ! ಒಂದು ತುಣುಕು ರೊಟ್ಟಿ ಒಳಗೆ ಹೋಗುತ್ತಿರಲಿಲ್ಲ, ನೋವು ಬಂದರೆ ಸೆರಗು ಕಚ್ಚಿ ಹಿಡಿಯುತ್ತಿದ್ದಳು, ಇವರಿಗೆ ಅದು ಉಷ್ಣ.

ಅವ್ವ ಮತ್ತು ನಾನು ಹುಕ್ಕೇರಿಯಿಂದ ಬಂದು ಅಲ್ಲೇ ಉಳಿದಿದ್ದೆವು. ಅಪ್ಪ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಅವ್ವ ಅಕ್ಕನ ಕಾಲು ತಿಕ್ಕುತ್ತ, ಬಾಯಿಗೆ ಗಂಜಿ ಹಿಡಿಯುತ್ತ ಕೂತಿರುತ್ತಿದ್ದಳು. ಅಕ್ಕನಿಗೆ ಸ್ವಲ್ಪ ಕಣ್ಣು ಹತ್ತುತ್ತಿದ್ದುದು ಅವ್ವ ಹತ್ತಿರವಿದ್ದಾಗಲೇ.

ಒಂದು ಶುಕ್ರವಾರ ಮೂಡಲಗಿಯಿಂದ ಮಾವನ ದೊಡ್ಡವ್ವ ಬಂದಳು. ಜೊತೆಗೆ ಕಲ್ಲೋಳಿಯ ಇಬ್ಬರು ಮುತ್ತೈದೆಯರು. ಪರಾತದಲ್ಲಿ ಅಕ್ಕಿ, ಹಸಿರು ಕುಪ್ಪಸದ ಖಣ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಬೇರು. ಅಕ್ಕನಿಗೆ ಉಡಿ ತುಂಬಲು ಬಂದಿದ್ದರು. ಹಬ್ಬಕ್ಕೋ ಸೀಮಂತಕ್ಕೋ ಮುತ್ತೈದೆಯ ಸೆರಗಿಗೆ ಇವನ್ನು ಹಾಕಿ ಹರಸುವುದು ನಮ್ಮಲ್ಲಿ ಉಂಟು. ಗಂಡ ಬದುಕಿರುವಾಗಲೇ ಸತ್ತವಳಿಗೂ ಮಣ್ಣಿಗೆ ಕಳಿಸುವ ಮೊದಲು ಹೀಗೆಯೇ ತುಂಬುತ್ತಾರೆ. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಹಾಸಿಗೆ ಹಿಡಿದವಳಿಗೆ ಉಡಿ ತಂದರೆ ಅವಳಿಗೇನು ತಿಳಿಯುವುದಿಲ್ಲವೇ?

"ಬೀಗರ, ನೀವು ಜರಾ ಒಳಗ ಹೋಗ್ರಿ. ಮುತ್ತೈದ್ಯಾರ ಕೆಲಸ ಐತಿ" ಎಂದಳು ದೊಡ್ಡವ್ವ. ವಿಧವೆ ಅಲ್ಲಿರಬಾರದಲ್ಲ. ಅವ್ವ ಎದ್ದು ಅಡುಗೆಮನೆಗೆ ಹೋದಳು.

ದೊಡ್ಡವ್ವ ಅಕ್ಕನ ಹಣೆಗೆ ಕುಂಕುಮವಿಟ್ಟು, "ಗಂಡನ ಮುಂದ ಅರಿಷಿಣ ಕುಂಕುಮದಾಗ ಹೋಗೂದು ಎಲ್ಲಾರ ಹಣ್ಯಾಗ ಬರದಿರೂದಿಲ್ಲ. ನೀ ಪುಣ್ಯವಂತಿ ತಂಗಿ" ಎಂದಳು.

ಪುಣ್ಯವಂತೆ! ಮೂವತ್ತು ದಾಟಿರದ ಹೆಣ್ಣಿಗೆ, ಬೇಗ ಸಾಯುತ್ತೀ, ನಿನ್ನ ಅದೃಷ್ಟ ನೋಡು ಎಂದು ಹೇಳುವುದನ್ನು ಸಮಾಧಾನ ಅಂತ ತಿಳಿದ ಜನ ಇವರು. ಆ ಪರಾತವನ್ನು ಎತ್ತಿ ಅಂಗಳಕ್ಕೆ ಒಗೆಯಬೇಕು ಅನ್ನಿಸಿತು.

"ಇವತ್ತ ಯಾವ ಹಬ್ಬ ಐತ್ರಿ?" ಎಂದು ಅಕ್ಕ ಕೇಳಿದಳು.

"ಹಬ್ಬ ಯಾಕ ಬೇಕವಾ? ಪ್ರೀತಿಗೆ ತುಂಬತೇವಿ."

"ಪ್ರೀತಿಗೆ ಅಂದ್ರ ನಮ್ಮವ್ವನ್ನ ಯಾಕ ಎಬ್ಬಿಸಿದ್ರಿ?" ಎಂದೆ ನಾನು.

"ಸಣ್ಣಾಕಿ, ಬಾಯಿ ಮುಚ್ಚಕೊಂಡು ಕುಂದರ!"

"ಅಕಿ ಖರೇನ ಕೇಳಾಕತ್ತಾಳ್ರಿ" ಎಂದಳು ಅಕ್ಕ. ದನಿ ಸಣ್ಣದಿತ್ತು, ಆದರೆ ನಡುಗಲಿಲ್ಲ. "ಉಡಿ ತುಂಬೂದಿದ್ರ ನಮ್ಮವ್ವ ತುಂಬ್ಲಿ. ಇಲ್ಲಂದ್ರ ಯಾರೂ ಬ್ಯಾಡ."

"ಅಯ್ಯ ಶಿವನ! ಗಂಡನ ಆಯುಷ್ಯದ ಖಬರರ ಐತೇನ ನಿನಗ?"

ಅಡುಗೆಮನೆಯಿಂದ ಅವ್ವನೇ ಕೂಗಿದಳು: "ಬ್ಯಾಡ ನನ್ನವ್ವಾ, ಅಳಿಯಂದ್ರಿಗೆ ಏನರ ಆದೀತು." ಆಗ ನನಗೆ ದೊಡ್ಡವ್ವನಿಗಿಂತ ಅವ್ವನ ಮೇಲೆಯೇ ಸಿಟ್ಟು ಬಂತು. ಹೆತ್ತವಳ ಕೈ ಮಗಳಿಗೆ ಕೆಡುಕು ಅಂತ ಅವಳೂ ನಂಬಿದ್ದಳಲ್ಲ!

ಮಾವ ಕಟ್ಟೆಯ ಬಳಿ ಸೈಕಲ್ ಚೈನು ಸರಿಮಾಡುತ್ತಿದ್ದ. ದೊಡ್ಡವ್ವನೆದುರು ಎಂದೂ ಮಾತಾಡಿದವನಲ್ಲ. ಕರಿ ಹತ್ತಿದ ಕೈಯಲ್ಲೇ ಒಳಗೆ ಬಂದ.

"ಅತ್ತಿ, ಹೊರಗ ಬರ್ರಿ. ನನ್ನ ಆಯುಷ್ಯದ ಕಾಳಜಿ ನಾ ಮಾಡ್ಕೋತೇನಿ. ಅಕಿ ಕೇಳಾಕತ್ತಾಳ, ಬರ್ರಿ."

ಅವ್ವ ಬಂದಳು. ಒಂದು ಹಿಡಿ ಅಕ್ಕಿ ತೆಗೆದುಕೊಂಡಳು. ಅರ್ಧ ಸೆರಗಿಗೆ ಬಿತ್ತು, ಅರ್ಧ ಹಾಸಿಗೆಯ ಮೇಲೆ ಚೆಲ್ಲಿತು. ಅಕ್ಕ ಅವಳ ಮುಂಗೈ ಗಟ್ಟಿಯಾಗಿ ಹಿಡಿದಳು.

"ಅವ್ವಾ, ನಾ ಉಳಿಯೂದಿಲ್ಲೇನ?"

ದೊಡ್ಡವ್ವ ಹಿಂದಿನಿಂದ ಬೇಡ ಬೇಡವೆಂದು ಕೈ ಆಡಿಸುತ್ತಿದ್ದಳು. ಅವ್ವ ಅತ್ತ ನೋಡಲಿಲ್ಲ.

"ಇಲ್ಲ ನನ್ನ ಕಂದಾ. ಡಾಕ್ಟರ ಆಗೂದಿಲ್ಲಂತ ಅಂದಾರ."

ಅಕ್ಕ ಬಾಯಿ ತೆರೆದು ಅತ್ತಳು. ಅಷ್ಟು ದಿನ ಅವಳಿಗೆ ಅಳಲಿಕ್ಕೂ ಯಾರೂ ಬಿಟ್ಟಿರಲಿಲ್ಲ. ಉಷ್ಣಕ್ಕೆ ಯಾರು ಅಳುತ್ತಾರೆ? ಅವ್ವ ಅವಳನ್ನು ಎದೆಗೆ ಒತ್ತಿಕೊಂಡು ತಾನೂ ಅತ್ತಳು. "ಹೇಳಬಾರದಿತ್ತ, ಹೇಳಬಾರದಿತ್ತ" ಎಂದು ಗೊಣಗುತ್ತ ದೊಡ್ಡವ್ವ ಎದ್ದಳು. ಅಷ್ಟು ಗದ್ದಲದಲ್ಲೂ ಖಣವನ್ನು ಮಡಚಿ ಚೀಲಕ್ಕೆ ಹಾಕಿಕೊಳ್ಳಲು ಮಾತ್ರ ಮರೆಯಲಿಲ್ಲ, ಮಹಾತಾಯಿ.

"ನೀ ಇನ್ನ ಒಳಗ ಹೋಗಬ್ಯಾಡವ್ವಾ. ಇಲ್ಲೇ ಕುಂದರ" ಎಂದಳು ಅಕ್ಕ. ಅವ್ವ ಕೂತಳು. ಆಮೇಲೆ ಅವರಿಬ್ಬರೂ ಏನೆಲ್ಲ ಮಾತಾಡಿದರು! ಯಾವ ಸೀರೆ ನನಗೆ, ಮಾವನಿಗೆ ರೊಟ್ಟಿ ಯಾರು ಬಡಿದುಕೊಡಬೇಕು, ಸಾಯುವಾಗ ಉಸಿರು ಕಟ್ಟುತ್ತದೆಯೇ. ಅವ್ವ ಗೊತ್ತಿದ್ದುದನ್ನು ಹೇಳುತ್ತಿದ್ದಳು, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನುತ್ತಿದ್ದಳು. ನಡುನಡುವೆ ಅಕ್ಕ ನಗುತ್ತಲೂ ಇದ್ದಳು.

ಒಂದು ಮುಂಜಾನೆ ಅವ್ವನ ತೊಡೆಯ ಮೇಲೆ ತಲೆಯಿಟ್ಟುಕೊಂಡೇ ಅಕ್ಕ ಹೋದಳು. ಮಾವ ಬಂಧುಗಳಿಗೆ ಸುದ್ದಿ ಮುಟ್ಟಿಸಲು ಸೈಕಲ್ ಹತ್ತಿದ್ದ. ಮೈ ಆರುವ ಮೊದಲೇ ಓಣಿಯ ಹೆಂಗಸರು ಅರಿಷಿಣ, ಹಸಿರು ಬಳೆ, ಅಕ್ಕಿ ಹಿಡಿದುಕೊಂಡು ಒಳಗೆ ಬಂದರು.

"ಮುತ್ತೈದೀಗಿ ನೀರ ಎರಿಬೇಕವಾ" ಎಂದು ಒಬ್ಬಳು ಅವ್ವನ ಭುಜ ಮುಟ್ಟಿದಳು. "ನೀ ಮುಟ್ಟಬಾರದು. ಬಿಡ, ಸರಿ."

ನಾನು ಗಂಟಲು ಹರಿಯುವಂತೆ ಕೂಗಾಡಿದೆ. ದುಃಖದಾಗ ಹುಡುಗಿಗೆ ಬುದ್ಧಿ ನಿಂತಿಲ್ಲ ಅಂದರು. ಇಬ್ಬರು ಸೇರಿ ಅವ್ವನ ರಟ್ಟೆ ಹಿಡಿದು ಎಬ್ಬಿಸಿದರು.