ಅವ್ವನ ಪಾದದ ಪಟ್ಟಿ

ಪಾದಕ್ಕೆ ಜಾಲಿಮುಳ್ಳು ನಟ್ಟದ್ದು ಅವ್ವನಿಗೇ ಗೊತ್ತಾಗಿರಲಿಲ್ಲ. ಸಕ್ಕರೆ ಕಾಯಿಲೆ ಪಾದದ ಅರಿವನ್ನೇ ತಿಂದುಹಾಕಿತ್ತು. ಎಂಬತ್ತರ ದಶಕದ ಒಂದು ಬೇಸಿಗೆ ಅದು. ನಾನು ಕುಷ್ಟಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ನಮ್ಮೂರು ತಾವರಗೇರಾದಿಂದ ಅವಳನ್ನು ನನ್ನ ಮನೆಗೆ ಕರೆತರುವ ಹೊತ್ತಿಗೆ ಗಾಯ ಅಗಲವಾಗಿತ್ತು. ಡಾಕ್ಟರು ಪಟ್ಟಿ ಕಟ್ಟಿ, ಸೋಮವಾರದವರೆಗೆ ಬಿಚ್ಚಬೇಡಿ ಎಂದರು. ಆಮೇಲೆ ನನ್ನೊಬ್ಬಳನ್ನೇ ಹೊರಗೆ ಕರೆದು, ಅಷ್ಟರೊಳಗೆ ಅಂಚಿನಲ್ಲಿ ಹೊಸ ಚರ್ಮ ಕಾಣದಿದ್ದರೆ ಪಾದವನ್ನೇ ತೆಗೆಯಬೇಕಾದೀತು ಎಂದರು.

ಊರಿಂದ ಮಾತಾಡಿಸಲು ಬರುವವರಿಗೆ ಬರವಿರಲಿಲ್ಲ. ಸಕ್ಕರೆ ಕಾಯಿಲೆಯವಳಿಗೆ ಬಾಳೆಹಣ್ಣು, ಬಿಸ್ಕತ್ತು ತರುವ ಜಾಣರು! ಬಂದವರೆಲ್ಲ ಗಾಯ ನೋಡಲೇಬೇಕು. ಒಂದು ಸಂಜೆ ನಾನು ಶಾಲೆಯಿಂದ ಬಂದಾಗ ಅವ್ವ ಸೋದರತ್ತೆಗೆ ತೋರಿಸಲೆಂದು ಪಟ್ಟಿ ಬಿಚ್ಚಿದ್ದಳು. ಬಟ್ಟೆ ಅಂಟಿದ್ದ ಕಡೆ ಕಿತ್ತು ರಕ್ತ ಒಸರುತ್ತಿತ್ತು. ಅತ್ತೆಯ ಮೇಲೆ ರೇಗಿಬಿಟ್ಟೆ. ಅವರು ಚಹಾ ಕುಡಿಯದೆ ಬಸ್ಸು ಹತ್ತಿದರು.

“ಅಷ್ಟು ದೂರದಿಂದ ಬಂದಾರ. ತೋರಸಲಿಲ್ಲಂದ್ರ ಏನ್ ತಿಳ್ಕೊಂಡಾರು?” ಎಂದು ಅವ್ವ ಮುಖ ತಿರುಗಿಸಿದಳು.

ಡಾಕ್ಟರು ಮತ್ತೆ ಪಟ್ಟಿ ಕಟ್ಟಿದ ಮೇಲೆ ಅವಳ ಕಾಲ ಬಳಿ ಕೂತು ಹೇಳಿದೆ. ಚರ್ಮವೆಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಕೋಶಗಳು, ಒತ್ತೊತ್ತಾಗಿ ಕೂತಿರುತ್ತವೆ. ಗಾಯವಾಗಿ ಪಕ್ಕದ್ದು ಇಲ್ಲವೆಂದು ತಿಳಿದರೆ ಕೋಶದೊಳಗೆಲ್ಲ ಸುದ್ದಿ ಹರಡುತ್ತದೆ. ಆಗ ಒಳಗಿನ ನೂಲಿನಂಥ ಎಳೆಗಳು ಮುಂದಕ್ಕೆ ಬೆಳೆದು, ಡೇರೆಯ ಗಳ ಸರಿಸಿದ ಹಾಗೆ ಅದರ ಆಕಾರವನ್ನೇ ಬದಲಿಸುತ್ತವೆ. ಕೋಶ ಚಪ್ಪಟೆಯಾಗಿ ಬರಿದಾದ ಕಡೆಗೆ ತೆವಳುತ್ತದೆ. ಎದುರಿನಿಂದ ಬಂದದ್ದು ಮುಟ್ಟಿದಾಗ ನಿಲ್ಲುತ್ತದೆ. ಪಟ್ಟಿ ಕಿತ್ತರೆ ಅವೂ ಕಿತ್ತುಬರುತ್ತವೆ.

ಮರುದಿನದಿಂದ ಅವ್ವ ಬಂದವರಿಗೆಲ್ಲ ಪಟ್ಟಿಯೊಳಗೆ ಕೆಲಸ ನಡೆದಿದೆ ಎಂದು ತಾನೇ ಹೇಳಿ ಕಳಿಸತೊಡಗಿದಳು.

ತಡೆಯಲಾರದೆ ಹೋದವಳು ನಾನು. ಭಾನುವಾರ ಮಧ್ಯಾಹ್ನ, ಹೇಗಿದೆಯೋ ಏನೋ ಎಂಬ ಭಯಕ್ಕೆ, ತುದಿಯಷ್ಟೇ ಸರಿಸಿ ನೋಡೋಣವೆಂದು ಗಂಟಿಗೆ ಕೈ ಹಾಕಿದೆ. ಅವ್ವ ಪಾದವನ್ನು ಸೀರೆಯೊಳಗೆ ಎಳೆದುಕೊಂಡಳು.

“ಮುಟ್ಟಬ್ಯಾಡ. ಅವು ದಾರ್ಯಾಗ ಅದಾವ.”

ಸೋಮವಾರ ಡಾಕ್ಟರು ಪಟ್ಟಿಯನ್ನು ನೀರಿನಲ್ಲಿ ನೆನೆಸಿ ಮೆಲ್ಲಗೆ ಬಿಡಿಸಿದರು. ನನಗೆ ನೋಡುವ ಧೈರ್ಯವಾಗದೆ ಗೋಡೆಯ ಕಡೆ ತಿರುಗಿದ್ದೆ. ಅವ್ವ ಅವರನ್ನೇ ಕೇಳಿದಳು, “ಒಂದಕ್ಕೊಂದು ಮುಟ್ಟ್ಯಾವೇನ್ರಿ?”

ಅವರಿಗೆ ಅರ್ಥವಾಗದೆ ನನ್ನನ್ನು ಕರೆದರು. ಬಗ್ಗಿ ನೋಡಿದೆ. ಗಾಯದ ಸುತ್ತ ತೆಳುವಾದ, ಬೆಳ್ಳಗಿನ ಹೊಸ ಚರ್ಮದ ಒಂದು ಅಂಚು ಮೂಡಿತ್ತು.

“ಇನ್ನೂ ಇಲ್ಲವ್ವಾ, ಹೊಂಟಾವ,” ಎಂದೆ. ಡಾಕ್ಟರ ಎದುರೇ ಅಳು ಬಂತು.