ಹದಿನಾಲ್ಕನೇ ಮಾಳಿಗೆಯ ಫ್ಲೆಮಿಂಗೊ

ಘಣಸೋಲಿಯಲ್ಲಿ, ಸಮುದ್ರದ ನೀರು ಒಳನುಗ್ಗುವ ಖಾಡಿಯಂಚಿನ ಕೆಸರಲ್ಲಿ ಎರಡು ಗಂಟೆ ನಿಂತ ಮೇಲೆ, ಹಾರುವ ಫ್ಲೆಮಿಂಗೊ ಒಂದು ನನ್ನ ಕ್ಯಾಮೆರಾಕ್ಕೆ ಚೊಕ್ಕವಾಗಿ ಸಿಕ್ಕಿತು. ಅದರ ಬೆನ್ನ ಹಿಂದೆಯೇ ಅರ್ಧ ಕಟ್ಟಿದ ಬಹುಮಹಡಿ ಟವರು. ಫೋಟೊವನ್ನು ಅಲ್ಲೇ ಮೊಬೈಲಿಗೆ ಇಳಿಸಿ, ಬೆರಳಾಡಿಸಿ ಟವರು ಅಳಿಸಿ, ಆ ಜಾಗಕ್ಕೆ ಆಕಾಶ ತುಂಬಿದೆ.

ಪಕ್ಕದಲ್ಲಿ ಹಳದಿ ಹೆಲ್ಮೆಟ್ ಬದಿಗಿಟ್ಟು ರೊಟ್ಟಿ ತಿನ್ನುತ್ತಿದ್ದ ಬಸಣ್ಣ ವಿಜಯಪುರದವನು. ಆ ಮರಾಠಿ ಊರಲ್ಲಿ ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದು ಕೇಳಿ ತಾನಾಗಿಯೇ ಪರಿಚಯ ಮಾಡಿಕೊಂಡಿದ್ದ. ಹೆಮ್ಮೆಯಿಂದ ಅವನಿಗೆ ಫೋಟೊ ತೋರಿಸಿದೆ.

"ಬಿಲ್ಡಿಂಗ್ ಎಲ್ಲಿ ಹೋತ್ರಿ ಸರ?"

"ಚಂದ ಕಾಣ್ತಿರಲಿಲ್ಲ, ತೆಗೆದೆ."

"ಎರಡ ವರ್ಷ ಆತು, ನಾವ ಅದನ್ನ ಕಟ್ಟಾಕತ್ತೀವ್ರಿ. ನೀವು ಎರಡ ನಿಮಿಷದಾಗ ಕೆಡವಿ ಕುಂತ್ರಲ್ಲ!"

ಪೆಚ್ಚಾಗಿ ಮೂಲ ಫೋಟೊ ತೆಗೆದು ತೋರಿಸಿದೆ. ಅವನ ಮುಖ ಅರಳಿತು. ಹಕ್ಕಿಯ ಮೇಲೆ ಬೆರಳಿಟ್ಟ.

"ಹದಿನಾಲ್ಕನೇ ಮಾಳಗಿ ಸ್ಲ್ಯಾಬ್ ನಾನ ನಿಂತು ಹಾಕೀನ್ರಿ. ಮನಿಯಾಕಿಗೆ ಕಳಸಬೇಕು. ಆದ್ರ ನಿಮ್ಮ ಹಕ್ಕಿ ಅಡ್ಡ ಬಂದೈತಿ. ಇದನ್ನೂ ತೆಗದಬಿಡ್ರಿ."

ತೆಗೆದುಕೊಟ್ಟೆ. ಮರುದಿನ ಅವನ ಹೆಂಡತಿ ಅದನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿಕೊಂಡಳಂತೆ. ಇಷ್ಟು ವರ್ಷ ಹಕ್ಕಿಗಳ ಹಿಂದೆ ಅಲೆದ ನನ್ನ ಫೋಟೊಗಳಲ್ಲಿ, ಇನ್ನೊಬ್ಬರ ಸ್ಟೇಟಸ್ ಏರಿದ್ದು ಅದೊಂದೇ. ಅದರಲ್ಲಿ ಹಕ್ಕಿ ಇಲ್ಲ.