ಎರಡು ಸುತ್ತಿನ ದಾರ

ಆ ಪಾರ್ಸೆಲ್ಲಿಗೆ ಎರಡು ಸುತ್ತು ದಾರ ಕಟ್ಟಿದವಳು ನಾನೇ. ಬಸ್ಸಿನವರ ಮೇಲೆ, ಮಳೆಯ ಮೇಲೆ, ಅಂಗಡಿಯಲ್ಲಿ ದಾರ ಸಿಗದಿದ್ದುದರ ಮೇಲೆ ತಪ್ಪು ಹಾಕಲು ಎಷ್ಟೋ ಸಲ ನೋಡಿದ್ದೇನೆ, ಆಗಲಿಲ್ಲ.

ಸಾಗರದ ಬಸ್ ಸ್ಟ್ಯಾಂಡಿನಿಂದ ಐದು ನಿಮಿಷ ನಡೆದರೆ ನಮ್ಮ ಬಾಡಿಗೆ ಮನೆ. ಮುಂದಿನ ಕೋಣೆಯಲ್ಲಿ ಸ್ಟಿಕ್ಕರಿನ ವಿನೈಲ್ ಹಾಳೆ ಕತ್ತರಿಸುವ ಮೆಷಿನ್ ಇದೆ. ಹೊಸ್ತಿಲಿಗೆ ಅಂಟಿಸುವ ರಂಗೋಲಿ ಸ್ಟಿಕ್ಕರಿನಿಂದ ಶುರು ಮಾಡಿದ್ದೆ. ಆನ್‌ಲೈನ್ ಪೇಜ್ ತೆರೆದ ಮೇಲೆ ಹೋಮ್‌ಸ್ಟೇಯವರು ಹುಡುಕಿಕೊಂಡು ಬಂದರು. ಕೋಣೆಯ ನಂಬರು, ಬಾಗಿಲ ಮೇಲಿನ ಹೂಬಳ್ಳಿ, ನೆಲಕ್ಕೆ ಅಂಟಿಸುವ ಬಾಣದ ಗುರುತು, ಹೀಗೆ. ಕತ್ತರಿಸುವುದು ಮೆಷಿನ್ನಿನ ಕೆಲಸ. ಅಕ್ಷರದ ಸುತ್ತಲಿನ ಬೇಡದ ವಿನೈಲನ್ನು ಸೂಜಿಯಿಂದ ಎತ್ತಿ ತೆಗೆಯುವುದು, ಅಕ್ಷರ ಚದುರದಂತೆ ಮೇಲೆ ಹಾಳೆ ಕೂರಿಸುವುದು, ಸುತ್ತಿ ರಟ್ಟಿನ ಕೊಳವೆಯಲ್ಲಿ ಹಾಕಿ ಕಳಿಸುವುದು ನನ್ನದು. ಬಣ್ಣದ ಮುಖ ಹೊರಗೆ ಬರುವಂತೆ ಸುತ್ತಬೇಕು, ಒಳಗೆ ಹೋದರೆ ಅಂಚು ಏಳುತ್ತದೆ. ಮಳೆಗಾಲದಲ್ಲಿ ರಟ್ಟು ಶೀತ ಹಿಡಿಯುತ್ತದೆಂದು ಎರಡು ಪದರ ಪ್ಲಾಸ್ಟಿಕ್ ಹಾಕುತ್ತೇನೆ. ನನ್ನ ಸ್ಟಿಕ್ಕರ್ ಕಿತ್ತು ಬಂತು ಎಂದು ಯಾರೂ ಹೇಳಿದ್ದಿಲ್ಲ. ಆ ಜಂಬ ನನಗಿತ್ತು, ಈಗಲೂ ಸ್ವಲ್ಪ ಇದೆ.

ದೂರದ ಆರ್ಡರುಗಳು ಕೊರಿಯರಿನಲ್ಲಿ ಹೋಗುತ್ತವೆ. ಹೊಸನಗರ, ತೀರ್ಥಹಳ್ಳಿ ಕಡೆಯವು ಮಾತ್ರ ಪ್ರೈವೇಟ್ ಬಸ್ಸಿನಲ್ಲಿ. ಡ್ರೈವರ್ ಪಕ್ಕದಲ್ಲಿ ಇಟ್ಟುಬಿಟ್ಟರೆ ಮಧ್ಯಾಹ್ನದ ಹೊತ್ತಿಗೆ ಅವರವರ ಕೈ ಸೇರಿರುತ್ತದೆ. ಆದರೆ ಹಾಲಿನ ಕ್ಯಾನು, ಟಯರು, ಔಷಧಿಯ ಡಬ್ಬಗಳ ನಡುವೆ ವಿಳಾಸ ಓದುತ್ತ ಕೂರಲು ಕಂಡಕ್ಟರಿಗೆ ಪುರುಸೊತ್ತೆಲ್ಲಿ? ಅದಕ್ಕೆ ನಾನೇ ಒಂದು ಉಪಾಯ ಮಾಡಿದ್ದೆ. ಮೊದಲು ಸಿಗುವ ಹೊಸನಗರದ ಕಡೆಯದಕ್ಕೆ ಒಂದು ಸುತ್ತು ದಾರ, ಆಮೇಲಿನ ತೀರ್ಥಹಳ್ಳಿಯದಕ್ಕೆ ಎರಡು ಸುತ್ತು. ಕಣ್ಣು ಮುಚ್ಚಿ ಮುಟ್ಟಿದರೂ ಗೊತ್ತಾಗುತ್ತದೆ. ಅಷ್ಟು ವರ್ಷದಲ್ಲಿ ಒಂದು ಪಾರ್ಸೆಲ್ಲೂ ತಪ್ಪಿರಲಿಲ್ಲ.

ಆ ಬುಧವಾರ ಎರಡು ಕೊಳವೆಗಳು ತಯಾರಾಗಿದ್ದವು. ಒಂದು ಹೊಸನಗರದ ಈಚೆ, ಹಿನ್ನೀರಿನ ದಡದಲ್ಲಿ ಹೋಮ್‌ಸ್ಟೇ ನಡೆಸುವ ಹೆಂಗಸಿನದು. ಅಲ್ಲಿ ನೀರಿಗಿಳಿಯಲು ಕಲ್ಲಿನ ಮೆಟ್ಟಿಲುಗಳಿವೆ, ಕೊನೆಯ ಮೆಟ್ಟಿಲಾಚೆ ಎರಡಾಳು ಆಳ. ಅಲ್ಲಿ ಅಂಟಿಸಲು ಕೆಂಪು ಅಕ್ಷರದ ಸ್ಟಿಕ್ಕರ್ ಕೇಳಿದ್ದರು: ‘ಮುಂದೆ ಆಳವಿದೆ, ಇಳಿಯಬೇಡಿ’. ಇನ್ನೊಂದು ತೀರ್ಥಹಳ್ಳಿಯ ಆಚೆ, ಕವಲೇದುರ್ಗದ ದಾರಿಯಲ್ಲಿ ಹೋಮ್‌ಸ್ಟೇ ಇರುವವರದು. ಅವರಿಗೆ ಅಂಗಳದಲ್ಲಿ ಫೋಟೋ ಹೊಡೆಸಿಕೊಳ್ಳುವ ಜಾಗಕ್ಕೆ ಹಳದಿ ಪಾದಗಳು ಬೇಕಿತ್ತು, ಎಡಗಾಲು, ಬಲಗಾಲು, ಕೆಳಗೆ ‘ಇಲ್ಲಿ ನಿಲ್ಲಿ’ ಎಂದು.

ಕೆಂಪಿನದು ಉದ್ದವಾಗಿತ್ತು, ಭಾರವಿತ್ತು. ದಾರದ ಉಂಡೆಯಲ್ಲಿ ಉಳಿದದ್ದು ಮೂರು ಸುತ್ತಿಗೆ ಸಾಕಾಗುವಷ್ಟು. ಎಚ್ಚರಿಕೆಯ ಸ್ಟಿಕ್ಕರ್, ದಾರಿಯಲ್ಲಿ ಬಾಯಿ ಬಿಡಬಾರದು ಎಂದು ಅದಕ್ಕೇ ಎರಡು ಸುತ್ತು ಬಿಗಿದು ಕಟ್ಟಿದೆ. ಪಾದಗಳಿಗೆ ಉಳಿದ ಒಂದು ಸುತ್ತು. ಕಟ್ಟುವಾಗಲೇ ಮನಸ್ಸಿನಲ್ಲಿ ಏನೋ ಚುಚ್ಚಿತು. ವಿಳಾಸ ಬರೆದಿದ್ದೇನಲ್ಲ, ಕಂಡಕ್ಟರಿಗೆ ಬಾಯಲ್ಲಿ ಹೇಳಿದರಾಯಿತು ಎಂದುಕೊಂಡೆ. ಬಸ್ ಸ್ಟ್ಯಾಂಡಿಗೆ ಹೋದಾಗ ಬಸ್ಸು ಹೊರಟು ನಿಂತಿತ್ತು, ಮಳೆ ಹೊಡೆಯುತ್ತಿತ್ತು. ಕಿಟಕಿಯಲ್ಲಿ ಕೊಟ್ಟೆ. ಹೇಳಲಿಲ್ಲ. ಮನೆಗೆ ಬಂದು ಕಾಫಿ ಕುಡಿದು ಮರೆತೇಬಿಟ್ಟೆ.

ಪ್ರತಿ ಪಾರ್ಸೆಲ್ಲಿನಲ್ಲೂ ಒಂದು ಚೀಟಿ ಇಡುವುದು ನನ್ನ ಪದ್ಧತಿ. ಜಾಗವನ್ನು ಒರೆಸಿ ಒಣಗಿಸಿ, ಅಂಟಿಸಿ, ಒಣಬಟ್ಟೆಯಿಂದ ಉಜ್ಜಿ, ಆಮೇಲೆ ಫೋಟೋ ಕಳಿಸಿ, ಪೇಜಿನಲ್ಲಿ ಹಾಕುತ್ತೇನೆ ಎಂದು. ಶನಿವಾರ ಬೆಳಿಗ್ಗೆ ಒಂದು ಫೋಟೋ ಬಂತು. ಕರಿಕಲ್ಲಿನ ಮೆಟ್ಟಿಲು. ಅದರ ಮೇಲೆ ನನ್ನ ಹಳದಿ ಪಾದಗಳು, ಬೆರಳು ದಡದ ಕಡೆಗೆ, ಹಿಮ್ಮಡಿ ನೀರಿನ ಕಡೆಗೆ. ನೀರು ಒಂದು ಗೇಣು ಕೆಳಗಿತ್ತು. ‘ಇಲ್ಲಿ ನಿಲ್ಲಿ’. ಅಂಚು ಎಲ್ಲೂ ಎದ್ದಿರಲಿಲ್ಲ, ಒಂದು ಗುಳ್ಳೆಯೂ ಇರಲಿಲ್ಲ. ಒಳ್ಳೆ ಕೈ ಎಂದು ಮೆಚ್ಚಿಕೊಂಡೆ. ಆಮೇಲೆ ಆ ಮೆಟ್ಟಿಲು ಯಾವುದೆಂದು ಹೊಳೆಯಿತು.

ತೀರ್ಥಹಳ್ಳಿಯವರಿಗೆ ಫೋನ್ ಮಾಡಿ, ಕೊಳವೆ ಬಿಚ್ಚಿ ನೋಡಿ ಎಂದೆ. ಅಂಗಳದ ಕಾಂಕ್ರೀಟು ಒಣಗಿಲ್ಲವೆಂದು ಅವರು ಹಾಗೇ ಇಟ್ಟಿದ್ದರಂತೆ. ಬಿಚ್ಚಿದರೆ ಕೆಂಪು ಅಕ್ಷರ. ಹಿನ್ನೀರಿನ ಹೋಮ್‌ಸ್ಟೇಯ ಒಡತಿಗೆ ಫೋನ್ ಮಾಡಿದೆ. ಮಗಳ ಹೆರಿಗೆಗೆಂದು ಅವರು ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದರು. ಬಂದ ಸ್ಟಿಕ್ಕರನ್ನು ಕೊನೆ ಮೆಟ್ಟಿಲಿಗೆ ಅಂಟಿಸು ಎಂದು ಮನೆ ನೋಡಿಕೊಳ್ಳುವವನಿಗೆ ಹೇಳಿ ಹೋಗಿದ್ದರು. ಅವನು ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಆಳು. ಗುರುವಾರ ಮಳೆ ಸ್ವಲ್ಪ ಬಿಟ್ಟು ಹೊಳವು ಕೊಟ್ಟಾಗ ಅಂಟಿಸಿ, ಶನಿವಾರ ಹಾಲಿಗೆಂದು ರಸ್ತೆಗೆ ಬಂದಾಗ, ಸಿಗ್ನಲ್ ಸಿಕ್ಕ ಕೂಡಲೇ ಫೋಟೋ ಕಳಿಸಿದ್ದ. ಮನೆಗೆ ಮರಳಿದ ಮೇಲೆ ಅವನ ಫೋನು ಹತ್ತುತ್ತಿರಲಿಲ್ಲ. ಇವತ್ತು ಹನ್ನೊಂದಕ್ಕೆ ಗೆಸ್ಟ್ ಬರುತ್ತಾರೆ, ಮಕ್ಕಳಿದ್ದಾರೆ ಎಂದರು ಆಕೆ.

ಹಿಡಿಕೆಯಿದ್ದ ಬ್ಲೇಡನ್ನು ಬ್ಯಾಗಿಗೆ ಹಾಕಿಕೊಂಡು ಓಡಿದೆ. ಸಿಕ್ಕಿದ್ದು ಅದೇ ಬಸ್ಸು, ಅದೇ ಕಂಡಕ್ಟರು. ಪಾರ್ಸೆಲ್ ಅದಲುಬದಲಾಗಿದೆ ಎಂದು ಸಿಟ್ಟಿನಲ್ಲೇ ಹೇಳಿದೆ. ಅವನು ಟಿಕೆಟ್ ಹರಿಯುತ್ತ, ದನಿ ಏರಿಸದೆ ಹೇಳಿದ:

“ಎರಡು ಸುತ್ತು ಇದ್ರೆ ತೀರ್ಥಳ್ಳಿ ಅಂತ ನೀವೇ ಹೇಳಿಕೊಟ್ಟಿದ್ದಲ್ವಾ ಅಕ್ಕ.”

ಕಿಟಕಿಯ ಬಳಿ ಕೂತೆ. ರಾತ್ರಿಯೆಲ್ಲ ಹೊಯ್ದ ಮಳೆಗೆ ದಾರಿಯ ಹಳ್ಳಗಳೆಲ್ಲ ಕೆಂಪಾಗಿ ತುಂಬಿ ಹರಿಯುತ್ತಿದ್ದವು. ಆ ನೀರೆಲ್ಲ ಹೋಗಿ ಸೇರುವುದು ಆ ಮೆಟ್ಟಿಲಿಗೇ. ಒಂದೊಂದು ಸ್ಟಾಪಿನಲ್ಲೂ ಯಾರೋ ಕೊಡೆ ಮಡಚಿಕೊಂಡು ನಿಧಾನ ಹತ್ತುತ್ತಿದ್ದರು. ಪಾಪದ ಮುದುಕಿಯೊಬ್ಬಳ ಮೇಲೆ ಮನಸ್ಸಿನಲ್ಲೇ ರೇಗಿದೆ, ಅದಕ್ಕೆ ಇವತ್ತಿಗೂ ನಾಚಿಕೆಯಿದೆ.

ಕ್ರಾಸಿನಲ್ಲಿ ಇಳಿದು ಆಟೋ ಹಿಡಿದೆ. ಹೋಮ್‌ಸ್ಟೇ ಅಂಗಳದಲ್ಲಿ ಎರಡು ಕಾರು ನಿಂತಿದ್ದವು. ಅಡುಗೆಮನೆಯಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ಮನೆಯ ಹಿಂದಕ್ಕೆ ಹೋದರೆ ಮೇಲಿನ ಮೆಟ್ಟಿಲ ಮೇಲೆ ಒಂದು ಜೊತೆ ಪುಟ್ಟ ಚಪ್ಪಲಿ, ನೀಟಾಗಿ ಬಿಟ್ಟದ್ದು.

ಕೊನೆಯ ಮೆಟ್ಟಿಲು ಮುಳುಗಿತ್ತು. ಕಂದು ನೀರಿನಡಿಯಲ್ಲಿ ಹಳದಿ ಪಾದ, ಅಕ್ಷರ ಮಾತ್ರ ಮಸುಕಾಗಿ ಕಾಣುತ್ತಿದ್ದವು. ಅವುಗಳ ಮೇಲೆ ಎಂಟು ವರ್ಷದ ಹುಡುಗಿಯೊಬ್ಬಳು, ಮೊಣಕಾಲವರೆಗೆ ನೀರಿನಲ್ಲಿ, ಫ್ರಾಕು ಎತ್ತಿ ಹಿಡಿದು, ಆಳಕ್ಕೆ ಬೆನ್ನು ಹಾಕಿ ನಿಂತಿದ್ದಳು. ಹೆಜ್ಜೆಯ ಮೇಲೆ ಹೆಜ್ಜೆ ಸರಿಯಾಗಿ ಕೂರಿಸಲೆಂದು ಪಾದಗಳನ್ನು ಹಿಂದೆ ಹಿಂದೆ ಸರಿಸುತ್ತಿದ್ದಳು. ಮೂರು ಮೆಟ್ಟಿಲು ಮೇಲೆ ಅವಳ ತಾಯಿ ಮೊಬೈಲು ಹಿಡಿದಿದ್ದಳು.

ಕೂಗಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಕೂಗಿದರೆ ಹುಡುಗಿ ಬೆಚ್ಚುತ್ತಾಳೆ, ಬೆಚ್ಚಿದರೆ ಹಿಂದಕ್ಕೇ. ಆ ತಾಯಿಯನ್ನು ದಾಟಿ ಮೆಲ್ಲಗೆ ಇಳಿದೆ. ಕೈ ಚಾಚಿ, “ಪುಟ್ಟಿ, ಒಳಗೆ ಬಿಸಿ ಬಿಸಿ ಕಡುಬು ಆಗಿದೆ, ಬಾ” ಎಂದೆ. ಕಡುಬು ಆಗಿತ್ತೋ ಇಲ್ಲವೋ ದೇವರೇ ಬಲ್ಲ. ಅವಳು ತಾಯಿಯ ಮುಖ ನೋಡಿದಳು, ನನ್ನ ಕೈ ನೋಡಿದಳು, ಒಂದು ಕಾಲು ಎತ್ತಿದಳು. ಆ ತಣ್ಣನೆಯ ಬೆರಳುಗಳು ಸಿಕ್ಕಿದ ಮೇಲೆ ಮೇಲಿನ ಮೆಟ್ಟಿಲವರೆಗೂ ನಾನು ಬಿಡಲಿಲ್ಲ. ಬಿಗಿಯಾಗಿ ಹಿಡಿದಿರಬೇಕು, ಮಗು ಅತ್ತಿತು.

ತಾಯಿಗೆ ಸಿಟ್ಟು ಬಂತು, ಬಾರದೆ ಇರುತ್ತದೆಯೇ? ಅಲ್ಲಿ ಆಳವಿದೆ ಎಂದೆ. ಅವಳು ನೀರಿನ ಕಡೆ ಬೆರಳು ತೋರಿಸಿದಳು.

“ಅಲ್ಲೇ ನಿಲ್ಲಿ ಅಂತ ಬರೆದಿದೆಯಲ್ರೀ.”

ಬರೆದವಳು ನಾನು ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ.

ಅವರು ಒಳಗೆ ಹೋದ ಮೇಲೆ ಮನೆ ನೋಡಿಕೊಳ್ಳುವ ಆ ಆಳು ಅಡುಗೆಮನೆಯಿಂದ ಬಂದು ನನ್ನ ಸೊಂಟಕ್ಕೆ ಹಗ್ಗ ಕಟ್ಟಿ ಹಿಡಿದುಕೊಂಡ. ನಾನು ನೀರಿನಲ್ಲಿ ಕೈಯಾಡಿಸುತ್ತ ಬ್ಲೇಡಿನಿಂದ ಕೆರೆದೆ. ಮನೆಯಲ್ಲಾದರೆ ಬಿಸಿಗಾಳಿ ಹಿಡಿದು ಅಂಟು ಸಡಿಲಿಸುತ್ತೇನೆ, ನೀರಿನಡಿ ಅದಕ್ಕೆಲ್ಲಿ ದಾರಿ? ಅಕ್ಷರಗಳು ಚೂರುಚೂರಾಗಿ ಬಂದವು, ಎಡಗಾಲೂ ಬಂತು. ಬಲಗಾಲಿನ ಹೆಬ್ಬೆರಳಿಗೆ ಬರುವಷ್ಟರಲ್ಲಿ ಬ್ಲೇಡು ಜಾರಿ ಆಳಕ್ಕೆ ಹೋಯಿತು, ನೀರು ನನ್ನ ತೋಳಿಗೆ ಬಂದಿತ್ತು. ಸಾಕು ಅಕ್ಕ, ಮೇಲೆ ಬನ್ನಿ ಎಂದು ಅವನು ಹಗ್ಗ ಎಳೆದ. ಮೆಟ್ಟಿಲಿಗೆ ಅಡ್ಡ ಹಗ್ಗ ಬಿಗಿದೆವು. ತೀರ್ಥಹಳ್ಳಿಯಿಂದ ವಾಪಸು ಬಂದ ಕೆಂಪು ಅಕ್ಷರಗಳನ್ನು ಮರುದಿನ ಮೇಲಿನ ಮೆಟ್ಟಿಲಿಗೆ ನಾನೇ ನಿಂತು ಅಂಟಿಸಿದೆ. ಬಲಗಾಲನ್ನು ಬೇಸಿಗೆಯಲ್ಲಿ ಕೀಳೋಣ ಎಂದುಕೊಂಡೆವು.

ಅಂದಿನಿಂದ ದಾರ ಬಿಟ್ಟಿದ್ದೇನೆ. ಊರಿನ ಹೆಸರನ್ನು ಅಂಗೈ ಅಗಲದ ಅಕ್ಷರದಲ್ಲಿ ಕತ್ತರಿಸಿ ಅಂಟಿಸುತ್ತೇನೆ, ಕಂಡಕ್ಟರಿಂದ ಓದಿಸಿಯೇ ಕೊಡುತ್ತೇನೆ. ಅವನು ಶಾಲೆ ಮಾಸ್ತರರ ಮುಂದೆ ನಿಂತವನಂತೆ ಜೋರಾಗಿ ಓದುತ್ತಾನೆ, ಬಸ್ಸಿನವರು ನಗುತ್ತಾರೆ. ನಗಲಿ.

ಬೇಸಿಗೆ ಬಂತು. ಮದುವೆ ಮನೆಗಳ ಆರ್ಡರು ತುಂಬಿ, ನಾಳೆ ಹೋಗೋಣ, ನಾಡಿದ್ದು ಹೋಗೋಣ ಎಂದು ಮುಂದೆ ಹಾಕುತ್ತಿದ್ದೆ. ಒಂದು ಬೆಳಿಗ್ಗೆ ಆ ಆಳು ಮತ್ತೆ ಫೋಟೋ ಕಳಿಸಿದ. ನೀರಿಳಿದು ಮೆಟ್ಟಿಲು ಮೇಲೆ ಬಂದಿತ್ತು, ಬಲಗಾಲು ಇಟ್ಟ ಹಾಗೇ ಇತ್ತು. ಜೊತೆಗೆ ಅವನ ದನಿ:

“ಅಕ್ಕ, ಮಾಲು ಅಂದ್ರೆ ನಿಮ್ದು. ಇಷ್ಟು ತಿಂಗ್ಳು ನೀರಲ್ಲಿದ್ರೂ ಬಣ್ಣ ಒಂಚೂರೂ ಹೋಗ್ಲಿಲ್ಲ ನೋಡಿ.”

ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಬಲಗಾಲಿನ ಪಕ್ಕದಲ್ಲಿ, ನಾನು ಕೆರೆದು ತೆಗೆದ ಎಡಗಾಲಿನ ಜಾಗದಲ್ಲಿ, ಕರಿಕಲ್ಲಿನ ಮೇಲೆ ಯಾರದೋ ಪುಟ್ಟ ಒದ್ದೆ ಹೆಜ್ಜೆ ಇನ್ನೂ ಆರಿರಲಿಲ್ಲ. ಮೆಷಿನ್ನನ್ನು ಅರ್ಧಕ್ಕೇ ನಿಲ್ಲಿಸಿ, ಹೊಸ ಬ್ಲೇಡು ತೆಗೆದುಕೊಂಡು ಬಸ್ ಸ್ಟ್ಯಾಂಡಿಗೆ ಹೋದೆ.